ರಾಜಮನೆತನದವರ ಬಗ್ಗೆ ಕೋಪ ಮಾಡಿಕೊಳ್ಳುವ ಮುಂಚೆ ಇಷ್ಟು ನೋಡಿ

2024ರ ಮಾರ್ಚ್ 10. ಬ್ರಿಟನ್ನಿನಲ್ಲಿ ಅವತ್ತು ತಾಯಂದಿರ ದಿನ. ಜನವರಿಯಲ್ಲಿ ಆಪರೇಷನ್ ಆದ ಮೇಲೆ ಜನರ ಮುಂದೆ ಬರದಿದ್ದ ಯುವರಾಣಿ ಕೇಟ್ ಮತ್ತು ಅವರ ಮೂರು ಮಕ್ಕಳ ಒಂದು ಫೋಟೋವನ್ನು ಅರಮನೆ ಕೊಟ್ಟಿತು. ರಾತ್ರಿಯಾಗುವಷ್ಟರಲ್ಲಿ ಎಲ್ಲರ ಕಣ್ಣೂ ಆ ಫೋಟೋದ ಒಂದೇ ಜಾಗದಲ್ಲಿತ್ತು. ಮಗಳು ಷಾರ್ಲೆಟ್‌ಳ ಸ್ವೆಟರ್ ತೋಳು ಮಣಿಕಟ್ಟಿನ ಹತ್ತಿರ ಸರಿಯಾಗಿ ಕೂತಿರಲಿಲ್ಲ. ಕತ್ತರಿಸಿ ಅಂಟಿಸಿದ ಹಾಗಿತ್ತು. ನಾನೂ ಜೂಮ್ ಮಾಡಿ ನೋಡಿದೆ. ಅದಕ್ಕೊಂದು ಕೆಂಪು ಸುತ್ತು ಹಾಕಿ ಗೆಳತಿಯರ ವಾಟ್ಸಾಪ್ ಗುಂಪಿಗೆ ಕಳಿಸಿದೆ. "ಜನರ ದುಡ್ಡಲ್ಲಿ ಬದುಕುವವರು ಜನರಿಗೇ ಸುಳ್ಳು ಹೇಳಬಹುದಾ? ಏನು ಮುಚ್ಚಿಡ್ತಿದ್ದಾರೆ?" ಅಂತ ಕೆಳಗೆ ಬರೆದೆ.

ಅವತ್ತು ರಾತ್ರಿಯೇ ದೊಡ್ಡ ಸುದ್ದಿಸಂಸ್ಥೆಗಳು ಆ ಫೋಟೋವನ್ನು ವಾಪಸ್ ತೆಗೆದುಕೊಂಡವು. ಮಾರನೇ ದಿನ ಕೇಟ್, ತಿದ್ದಿದ್ದು ನಾನೇ ಅಂತ ಹೇಳಿ ಕ್ಷಮೆ ಕೇಳಿದರು. ಮಾರ್ಚ್ 22ಕ್ಕೆ ಅವರದೇ ಒಂದು ವಿಡಿಯೋ ಬಂತು. ತೋಟದ ಬೆಂಚಿನ ಮೇಲೆ ಒಬ್ಬರೇ ಕೂತು, ತನಗೆ ಕ್ಯಾನ್ಸರ್ ಅಂತ ಗೊತ್ತಾಗಿದೆ, ಚಿಕಿತ್ಸೆ ನಡೀತಿದೆ, ಮಕ್ಕಳಿಗೆ ಇದನ್ನೆಲ್ಲ ಅರ್ಥವಾಗುವ ಹಾಗೆ ಹೇಳೋಕೆ ಸಮಯ ಬೇಕಾಯ್ತು ಅಂದರು.

ಆ ವಿಡಿಯೋ ನೋಡಿದ ಮೇಲೆ ನನ್ನ ಕೆಂಪು ಸುತ್ತು ನನಗೇ ಚುಚ್ಚಿತು. ಆದರೆ ಯೋಚನೆ ಮಾಡಿದರೆ ನನ್ನ ಪ್ರಶ್ನೆಯಲ್ಲಿ ಅರ್ಧ ಸರಿ ಇತ್ತು, ಅರ್ಧ ತಪ್ಪಿತ್ತು. ಅರಮನೆ ಸುದ್ದಿಗಾಗಿ ಕೊಡುವ ಫೋಟೋ ನಿಜವಾಗಿರಬೇಕು ಅಂತ ಕೇಳೋದು ನ್ಯಾಯ. ಆಪರೇಷನ್ ಆಗಿ ಮಲಗಿರುವ ಒಬ್ಬ ತಾಯಿಗೆ ಏನು ಕಾಯಿಲೆ ಅಂತ ಹೇಳಲೇಬೇಕು ಅನ್ನೋದು ನ್ಯಾಯ ಅಲ್ಲ. ಎರಡನ್ನೂ ನಾನು ಒಂದೇ ಗಂಟಲಲ್ಲಿ ಕೇಳಿದ್ದೆ. ಅಲ್ಲಿಂದೀಚೆಗೆ ರಾಜಮನೆತನದ ಯಾವ ಸುದ್ದಿ ಬಂದರೂ ನಾನು ಒಂದು ಕ್ರಮದಲ್ಲಿ ನೋಡುತ್ತೇನೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹೆಚ್ಚಿನದು ಬ್ರಿಟನ್ನಿನದು, ಯಾಕಂದರೆ ಅಲ್ಲಿನ ಲೆಕ್ಕಪತ್ರ ಜಾಸ್ತಿ ಸಿಗುತ್ತದೆ. ನಡುವೆ ಬೇರೆ ದೇಶದವೂ ಬರುತ್ತವೆ.

ಮೊದಲು ಕೇಳಿ: ಇವರು ಕೆಲಸದಲ್ಲಿದ್ದಾರಾ?

ಅರಮನೆಯಲ್ಲಿ ಹುಟ್ಟಿದವರೆಲ್ಲ ಅರಮನೆಯ ಕೆಲಸ ಮಾಡುವುದಿಲ್ಲ. ಇದೊಂದು ಗೊತ್ತಿದ್ದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ರಾಜನ ಪರವಾಗಿ ಸಮಾರಂಭಗಳಿಗೆ ಹೋಗುವವರು, ಆಸ್ಪತ್ರೆ ಶಾಲೆ ಉದ್ಘಾಟಿಸುವವರು, ವಿದೇಶ ಪ್ರವಾಸ ಮಾಡುವವರು, ಇವರನ್ನು ಅಲ್ಲಿ ವರ್ಕಿಂಗ್ ರಾಯಲ್ ಅನ್ನುತ್ತಾರೆ. ಕೈಬೆರಳೆಣಿಕೆ ಅನ್ನುವಷ್ಟೇ ಜನ. ರಾಜ ಚಾರ್ಲ್ಸ್, ರಾಣಿ ಕ್ಯಾಮಿಲಾ, ದೊಡ್ಡ ಮಗ ಯುವರಾಜ ವಿಲಿಯಂ, ಸೊಸೆ ಕೇಟ್, ಚಾರ್ಲ್ಸ್ ಅವರ ತಂಗಿ ಆ್ಯನ್, ತಮ್ಮ ಎಡ್ವರ್ಡ್ ಮತ್ತು ಅವರ ಹೆಂಡತಿ ಸೋಫಿ. ಜೊತೆಗೆ ದಿವಂಗತ ರಾಣಿ ಎಲಿಜಬೆತ್ ಅವರ ಸೋದರಸಂಬಂಧಿಗಳು ಕೆಲವರು. ಅವರಲ್ಲಿ 80 ದಾಟಿದವರೇ ಜಾಸ್ತಿ.

ಚಾರ್ಲ್ಸ್ ಅವರ ಇನ್ನೊಬ್ಬ ತಮ್ಮ ಆ್ಯಂಡ್ರೂ ಅವರ ಮಕ್ಕಳಾದ ಬಿಯಾಟ್ರಿಸ್, ಯೂಜಿನಿ ಅಕ್ಕತಂಗಿಯರು ಈ ಪಟ್ಟಿಯಲ್ಲಿಲ್ಲ. ಅವರಿಗೆ ಅವರದೇ ಉದ್ಯೋಗ ಇದೆ. ಹಾಗಾಗಿ "ಇವರು ಯಾಕೆ ಈ ವರ್ಷ ಒಂದೂ ಆಸ್ಪತ್ರೆಗೆ ಹೋಗಲಿಲ್ಲ" ಅಂತ ಅವರನ್ನು ಕೇಳುವುದು, ಬ್ಯಾಂಕ್ ಮ್ಯಾನೇಜರನ ಅಣ್ಣನನ್ನು ಹಿಡಿದು ಸಾಲ ಯಾಕೆ ಕೊಡಲಿಲ್ಲ ಅಂತ ಕೇಳಿದ ಹಾಗೆ.

ಚಾರ್ಲ್ಸ್ ಅವರ ಕಿರಿಯ ಮಗ ಹ್ಯಾರಿ ಮತ್ತು ಅವರ ಹೆಂಡತಿ ಮೇಗನ್ ವಿಷಯದಲ್ಲೂ ಇದೇ ಗೆರೆ ಮುಖ್ಯ. 2020ರ ಜನವರಿ 8ರಂದು ಅವರು ಅರ್ಧ ಅರಮನೆ ಕೆಲಸ, ಅರ್ಧ ಸ್ವಂತ ದುಡಿಮೆ ಅನ್ನುವ ಏರ್ಪಾಡು ಕೇಳಿದರು. ಅರಮನೆ ಒಪ್ಪಲಿಲ್ಲ. ಆ ವರ್ಷದ ಮಾರ್ಚ್ ಕೊನೆಗೆ ಕೆಲಸ ಬಿಟ್ಟರು. 2021ರ ಫೆಬ್ರವರಿಯಲ್ಲಿ ವಾಪಸ್ ಬರುವುದಿಲ್ಲ ಅಂತ ಖಚಿತವಾಯಿತು. ಅವರ ಕೈಯಲ್ಲಿದ್ದ ಸೈನಿಕ ಗೌರವ ಹುದ್ದೆಗಳು, ರಾಣಿಯ ಪರವಾಗಿ ಕೊಟ್ಟ ಪೋಷಕ ಸ್ಥಾನಗಳು ಹಿಂದಕ್ಕೆ ಹೋದವು. ಅರ್ಧ ಒಳಗೆ ಅರ್ಧ ಹೊರಗೆ ಯಾಕೆ ಆಗುವುದಿಲ್ಲ ಅಂತ ತುಂಬಾ ಜನ ಕೇಳುತ್ತಾರೆ. ನನಗೆ ಅನ್ನಿಸುವುದು ಇಷ್ಟು: ಬೆಳಿಗ್ಗೆ ರಾಜನ ಹೆಸರಲ್ಲಿ ಒಂದು ದೇಶಕ್ಕೆ ಹೋಗಿ ಕೈ ಕುಲುಕಿದವರು ಸಂಜೆ ಅದೇ ಊರಲ್ಲಿ ತಮ್ಮ ವ್ಯಾಪಾರ ಮಾಡಿದರೆ, ಸಿಕ್ಕ ಗೌರವ ಯಾವ ಖಾತೆಗೆ ಅಂತ ಯಾರೂ ಹೇಳೋಕಾಗಲ್ಲ. ನಾರ್ವೆಯಲ್ಲೂ ಇದೇ ಆಯಿತು. ರಾಜಕುಮಾರಿ ಮಾರ್ಥಾ ಲೂಯಿಸ್ ತಮ್ಮ ಪರ್ಯಾಯ ಚಿಕಿತ್ಸೆಯ ವ್ಯವಹಾರವನ್ನೂ ರಾಜಮನೆತನದ ಕೆಲಸವನ್ನೂ ಬೇರೆ ಮಾಡಬೇಕು ಅಂತ 2022ರಲ್ಲಿ ಅಧಿಕೃತ ಹೊಣೆ ಬಿಟ್ಟರು.

ಬಿಟ್ಟ ಮೇಲೆ ಅವರು ದುಡಿದರೆ ಅದು ಅವರ ಪಾಡು. ಕೆಲಸ ಬಿಟ್ಟವರಿಂದ ಹಾಜರಿ ಕೇಳಬೇಡಿ.

ದುಡ್ಡಿನ ಲೆಕ್ಕ

ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ಬ್ರಿಟನ್ನಿನಲ್ಲಿ ಹಳೆಯ ಪದ್ಧತಿ ತೆಗೆದು 2011ರಲ್ಲಿ ಹೊಸ ಕಾನೂನು ಮಾಡಿದರು. ಮುಂದಿನ ವರ್ಷದಿಂದ ಸಾವರಿನ್ ಗ್ರಾಂಟ್ ಅನ್ನುವ ಒಂದೇ ಅನುದಾನ. ಕ್ರೌನ್ ಎಸ್ಟೇಟ್ ಅನ್ನುವ ದೊಡ್ಡ ಆಸ್ತಿ ಇದೆ. ಲಂಡನ್ನಿನ ಕಟ್ಟಡಗಳು, ಹೊಲಗಳು, ಸಮುದ್ರದ ತಳ ಕೂಡ ಅದರಲ್ಲಿದೆ. ಅದರ ಲಾಭ ಸರ್ಕಾರಕ್ಕೆ ಹೋಗುತ್ತದೆ. ಎರಡು ವರ್ಷ ಹಿಂದಿನ ಲಾಭದ ಇಷ್ಟು ಪಾಲು ಅಂತ ಲೆಕ್ಕ ಹಾಕಿ ಅರಮನೆಗೆ ಕೊಡುತ್ತಾರೆ. ಮೊದಲು ಶೇ. 15 ಇತ್ತು. ಬಕಿಂಗ್‌ಹ್ಯಾಮ್ ಅರಮನೆಯ ಹಳೆ ವೈರಿಂಗು, ಪೈಪು ಬದಲಿಸಲು 36.9 ಕೋಟಿ ಪೌಂಡಿನ ಹತ್ತು ವರ್ಷದ ರಿಪೇರಿ ಶುರುವಾದಾಗ ಶೇ. 25 ಮಾಡಿದರು. ಸಮುದ್ರದಲ್ಲಿ ಗಾಳಿಯಂತ್ರ ಹಾಕುವವರಿಂದ ಲಾಭ ಸಿಕ್ಕಾಪಟ್ಟೆ ಏರಿದ ಮೇಲೆ ಶೇ. 12ಕ್ಕೆ ಇಳಿಸಿದರು. ಆದರೂ 8.63 ಕೋಟಿ ಪೌಂಡ್ ಇದ್ದ ಅನುದಾನ 2025-26ಕ್ಕೆ 13.21 ಕೋಟಿ ಆಯಿತು.

ಈ ಅಂಕಿ ನೋಡಿ ಎರಡು ಕಡೆಯವರೂ ತಪ್ಪು ಮಾತಾಡುತ್ತಾರೆ. "ಅದು ರಾಜನದೇ ಆಸ್ತಿ, ಅವನ ದುಡ್ಡೇ ಅವನಿಗೆ ಬರ್ತಿದೆ" ಅಂತ ಒಬ್ಬರು. ಆ ಆಸ್ತಿಯ ಆದಾಯವನ್ನು ಮೂರನೇ ಜಾರ್ಜ್ 1760ರಲ್ಲೇ ಬಿಟ್ಟುಕೊಟ್ಟಾಗಿದೆ. ಇವತ್ತು ಅದನ್ನು ರಾಜ ಮಾರೋಕಾಗಲ್ಲ, ಅದು ಅವರ ಸ್ವಂತದ್ದಲ್ಲ. "ಇಷ್ಟು ಕೋಟಿ ತಿಂದುಬಿಟ್ಟರು" ಅಂತ ಇನ್ನೊಬ್ಬರು. ಅದರಲ್ಲಿ ಕೆಲಸದವರ ಸಂಬಳ, ಅರಮನೆಗಳ ರಿಪೇರಿ, ಅಧಿಕೃತ ಪ್ರಯಾಣ ಎಲ್ಲ ಸೇರಿದೆ, ಯಾರ ಜೇಬಿಗೂ ಹಾಗೇ ಇಳಿಯುವ ಸಂಬಳ ಅಲ್ಲ ಅದು. ಆದರೆ ಇನ್ನೊಂದು ಮಾತೂ ಗಮನದಲ್ಲಿರಲಿ. ಪೊಲೀಸ್ ಭದ್ರತೆಯ ಖರ್ಚು ಈ ಲೆಕ್ಕದಲ್ಲಿ ಬರುವುದಿಲ್ಲ, ಅದು ಬೇರೆ. ಮತ್ತೆ ರಾಜನಿಗೆ ಲ್ಯಾಂಕಾಸ್ಟರ್ ಡಚಿ, ಯುವರಾಜನಿಗೆ ಕಾರ್ನ್‌ವಾಲ್ ಡಚಿ ಅನ್ನುವ ಎಸ್ಟೇಟುಗಳ ಆದಾಯ ಇದೆ. ಒಂದು ಅಂಕಿ ಹಿಡಿದು ಇಡೀ ಖರ್ಚು ಇಷ್ಟೇ ಅನ್ನಬೇಡಿ.

ಹೀಗೆ ಮಾಡಿ. ಸುದ್ದಿಯಲ್ಲಿ ಖರ್ಚಿನ ಮಾತು ಬಂದರೆ ಅದು ಅನುದಾನದ್ದಾ, ಡಚಿಯದ್ದಾ, ಸ್ವಂತದ್ದಾ ಅಂತ ಮೂರು ಮಾತಲ್ಲಿ ಕೇಳಿಕೊಳ್ಳಿ. ಅರಮನೆ ಪ್ರತಿ ವರ್ಷ ಬೇಸಿಗೆಯ ಹೊತ್ತಿಗೆ ವಾರ್ಷಿಕ ವರದಿ ಪ್ರಕಟಿಸುತ್ತದೆ. ಅದರ ಹಿಂದಿನ ಪುಟಗಳಲ್ಲಿ ದೊಡ್ಡ ಖರ್ಚಿನ ಪ್ರಯಾಣಗಳ ಪಟ್ಟಿ ಇರುತ್ತದೆ. ನನಗೆ ಇಡೀ ವರದಿಯಲ್ಲಿ ಅದೇ ಇಷ್ಟವಾದ ಭಾಗ. ಯಾರು, ಎಲ್ಲಿಗೆ, ವಿಮಾನವೋ ರೈಲೋ, ಎಷ್ಟು ಅಂತ ನೇರವಾಗಿ ಕಾಣುತ್ತದೆ.

ಫ್ರಾಗ್‌ಮೋರ್ ಕಾಟೇಜ್ ವಿಷಯ ನೆನಪಿದೆಯಾ? ಹ್ಯಾರಿ, ಮೇಗನ್ ಅವರ ಮನೆ ರಿಪೇರಿಗೆ 24 ಲಕ್ಷ ಪೌಂಡ್ ಸಾರ್ವಜನಿಕ ದುಡ್ಡು ಹೋಗಿತ್ತು. ಜನ ಸಿಟ್ಟಾದರು. ಆ ಸಿಟ್ಟು ನ್ಯಾಯವಾದದ್ದೇ, ಮನೆ ಮಾಡಿಸಿಕೊಂಡು ಕೆಲಸ ಬಿಟ್ಟು ಹೋದರು ಅಂದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಆದರೆ 2020ರಲ್ಲೇ ಹ್ಯಾರಿ ಆ ದುಡ್ಡು ವಾಪಸ್ ಕಟ್ಟಿದರು. ಇವತ್ತಿಗೂ ಆ 24 ಲಕ್ಷದ ಮಾತು ಓಡಾಡುತ್ತದೆ. ಕಟ್ಟಿದ ಮಾತು ಅದರ ಜೊತೆ ಬರುವುದೇ ಇಲ್ಲ.

ಜನ ಕೇಳಿದರೆ ಏನೂ ಬದಲಾಗಲ್ಲ ಅಂದುಕೊಳ್ಳಬೇಡಿ. 1992ರ ನವೆಂಬರಿನಲ್ಲಿ ವಿಂಡ್ಸರ್ ಕೋಟೆಗೆ ಬೆಂಕಿ ಬಿತ್ತು. ರಿಪೇರಿಯ ದುಡ್ಡು ಸರ್ಕಾರ ಕೊಡುತ್ತದೆ ಅಂದಾಗ ಜನ ಒಪ್ಪಲಿಲ್ಲ. ಮಾರನೇ ವರ್ಷ ಬಕಿಂಗ್‌ಹ್ಯಾಮ್ ಅರಮನೆಯ ಬಾಗಿಲು ಟಿಕೆಟ್ ಕೊಂಡವರಿಗೆ ತೆರೆಯಿತು, ಆ ದುಡ್ಡು ರಿಪೇರಿಗೆ ಹೋಯಿತು. 1993ರಿಂದಲೇ ರಾಣಿ ಆದಾಯ ತೆರಿಗೆ ಕಟ್ಟಲು ಶುರು ಮಾಡಿದರು. ಬೀದಿಯಲ್ಲಿ ಜನ ಕೇಳಿದ ಒಂದು ಸರಿಯಾದ ಪ್ರಶ್ನೆ ಇಷ್ಟನ್ನು ಮಾಡಿಸಿತು.

ಹಾಜರಿ ಪುಸ್ತಕ ಓದುವುದು

ಇದೇ ನಾನು ಎಲ್ಲರಿಗೂ ಹೇಳುವ ಮೊದಲ ಕೆಲಸ. ಕೋರ್ಟ್ ಸರ್ಕ್ಯುಲರ್ ಅಂತ ಒಂದು ದಿನಚರಿ ಇದೆ. ಪತ್ರಿಕೆಗಳು ರಾಜಮನೆತನದ ಓಡಾಟದ ಬಗ್ಗೆ ತಪ್ಪುತಪ್ಪಾಗಿ ಬರೆಯುತ್ತಿದ್ದವು ಅಂತ ಮೂರನೇ ಜಾರ್ಜ್ 1803ರಲ್ಲಿ ಇದನ್ನು ಶುರು ಮಾಡಿಸಿದರು. ಇವತ್ತಿಗೂ ನಡೆಯುತ್ತಿದೆ. ಅರಮನೆಯ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ, ಹೆಸರು ಹಾಕಿ ಹುಡುಕಬಹುದು.

ಓದೋಕೆ ಸಪ್ಪೆ. ಯಾರು, ಬೆಳಿಗ್ಗೆಯೋ ಮಧ್ಯಾಹ್ನವೋ, ಯಾವ ಊರು, ಆ ಜಿಲ್ಲೆಯಲ್ಲಿ ರಾಜನ ಪ್ರತಿನಿಧಿಯಾಗಿ ಯಾರು ಬರಮಾಡಿಕೊಂಡರು, ಯಾವ ಸಂಸ್ಥೆ. ಬಟ್ಟೆಯ ಬಣ್ಣ ಇಲ್ಲ, ಯಾರು ಯಾರ ಕಡೆ ನೋಡಲಿಲ್ಲ ಅನ್ನೋದಿಲ್ಲ. ಒಂದು ವಾರ ಓದಿದರೆ ಕಣ್ಣು ತೆರೆಯುತ್ತದೆ. ಸುದ್ದಿಯಲ್ಲಿ ಹೆಸರೇ ಕೇಳದವರು ಎಷ್ಟು ಓಡಾಡುತ್ತಾರೆ ಅಂತ ಗೊತ್ತಾಗುತ್ತದೆ. ಗ್ಲಾಸ್ಟರ್ ಡ್ಯೂಕ್ ಅಂತ ಒಬ್ಬರಿದ್ದಾರೆ. 1944ರಲ್ಲಿ ಹುಟ್ಟಿದವರು, ಓದಿದ್ದು ವಾಸ್ತುಶಿಲ್ಪ. 80 ದಾಟಿದ ಮೇಲೂ ಸಣ್ಣ ಸಣ್ಣ ಊರಿನ ಮ್ಯೂಸಿಯಂ, ಕಾರ್ಖಾನೆ, ಸಂಘಗಳಿಗೆ ಹೋಗುತ್ತಲೇ ಇದ್ದಾರೆ. ಒಂದು ಫೋಟೋ ಕೂಡ ಹೊರದೇಶಕ್ಕೆ ಮುಟ್ಟುವುದಿಲ್ಲ. ಆ್ಯನ್ ಅವರದಂತೂ ಎಷ್ಟೋ ವರ್ಷ 400 ಕಾರ್ಯಕ್ರಮ ದಾಟಿದ ಲೆಕ್ಕ. ಸೇವ್ ದಿ ಚಿಲ್ಡ್ರನ್ ಸಂಸ್ಥೆಯ ಜೊತೆ 1970ರಿಂದ ಇದ್ದಾರೆ.

ಎಣಿಸುವಾಗ ಮಾತ್ರ ಹುಷಾರು. ಒಂದೇ ಊರಿಗೆ ಹೋಗಿ ನಾಲ್ಕು ಕಡೆ ನಿಂತರೆ ನಾಲ್ಕು ಅಂತ ಲೆಕ್ಕ ಬರಬಹುದು. ಬಿರುದು ಪ್ರದಾನ ಸಮಾರಂಭದಲ್ಲಿ ಗಂಟೆಗಟ್ಟಲೆ ನಿಂತು ಹತ್ತಾರು ಜನರಿಗೆ ಪದಕ ಚುಚ್ಚಿ, ಒಬ್ಬೊಬ್ಬರ ಜೊತೆ ಎರಡು ಮಾತಾಡಿದರೂ ಅದು ಒಂದೇ. ಓದಿ ತಯಾರಾಗುವ ಸಮಯ, ಸಂಸ್ಥೆಯವರ ಜೊತೆ ಒಳಗಿನ ಮಾತುಕತೆ ಎಷ್ಟೋ ಸಲ ಅಲ್ಲಿ ಇರುವುದೇ ಇಲ್ಲ. ರಾಜನ ಟೇಬಲ್ಲಿಗೆ ದಿನಾ ಬರುವ ಕೆಂಪು ಪೆಟ್ಟಿಗೆಯ ಸರ್ಕಾರಿ ಕಾಗದಗಳು ಈ ಎಣಿಕೆಗೆ ಸಿಗುವುದಿಲ್ಲ. ಹೆರಿಗೆ, ಕಾಯಿಲೆ, ಎಳೆ ಮಕ್ಕಳು ಇರುವ ವರ್ಷವನ್ನು ಮಕ್ಕಳೆಲ್ಲ ದೊಡ್ಡವರಾದವರ ವರ್ಷದ ಪಕ್ಕ ಇಟ್ಟು ಸೋಮಾರಿ ಅನ್ನುವುದು ಸರಿಯಲ್ಲ. ಐದು ವರ್ಷದ ಲೆಕ್ಕ ಒಟ್ಟಿಗೆ ನೋಡಿ. ಆಮೇಲೂ ಕಮ್ಮಿ ಅನ್ನಿಸಿದರೆ ಧೈರ್ಯವಾಗಿ ಹೇಳಿ. ಆಗ ನಿಮ್ಮ ಮಾತಿಗೆ ತೂಕ ಇರುತ್ತದೆ.

ಫೋಟೋ ನೋಡುವುದು

2018ರ ಏಪ್ರಿಲ್‌ನಲ್ಲಿ ಮೂರನೇ ಮಗು ಹುಟ್ಟಿದ ದಿನ ವಿಲಿಯಂ ಆಸ್ಪತ್ರೆಯ ಹೊರಗೆ ಕೈ ಎತ್ತಿದರು. ಪಕ್ಕದಿಂದ ತೆಗೆದ ಫೋಟೋದಲ್ಲಿ ನಡುಬೆರಳು ಒಂದೇ ಕಾಣುತ್ತದೆ, ಅಸಹ್ಯ ಸನ್ನೆ ಮಾಡಿದ ಹಾಗೆ. ಎದುರಿನಿಂದ ತೆಗೆದದ್ದರಲ್ಲಿ ಮೂರು ಬೆರಳು. ಮೂರನೇ ಮಗು ಅಂತ ತೋರಿಸುತ್ತಿದ್ದರು, ಅಷ್ಟೇ. ಆ ಪಕ್ಕದ ಫೋಟೋ ಇನ್ನೂ ವರ್ಷಕ್ಕೆರಡು ಸಲ ಹೊಸ ಸುದ್ದಿಯ ಹಾಗೆ ತಿರುಗಿ ಬರುತ್ತದೆ. ಹಾಗಾಗಿ ಒಂದು ಫೋಟೋ ನೋಡಿ ಸಿಟ್ಟು ಬಂತಾ, ಮೊದಲು ಅದೇ ಗಳಿಗೆಯ ವಿಡಿಯೋ ಹುಡುಕಿ. ತಾರೀಖು ನೋಡಿ. ಬೇರೆ ಕೋನದ ಇನ್ನೊಂದು ಫೋಟೋ ಸಿಗದೆ ಮುಂದಕ್ಕೆ ಕಳಿಸಬೇಡಿ.

ಇನ್ನು ಕೆಲವು ಫೋಟೋ ಇವೆ, ಅವುಗಳ ಕಥೆ ಇಷ್ಟು ಸುಲಭ ಅಲ್ಲ. 2022ರ ಮಾರ್ಚ್‌ನಲ್ಲಿ ವಿಲಿಯಂ, ಕೇಟ್ ಜಮೈಕಾಗೆ ಹೋದರು. ಆ ದೇಶಕ್ಕೂ ಆಗ ಬ್ರಿಟನ್ನಿನ ರಾಣಿಯೇ ರಾಣಿ. ಟ್ರೆಂಚ್ ಟೌನ್‌ನಲ್ಲಿ ತಂತಿ ಬೇಲಿಯ ಆಚೆ ಕರಿಯ ಮಕ್ಕಳು, ಈಚೆ ಇವರಿಬ್ಬರು, ಬೇಲಿಯ ಕಿಂಡಿಯಲ್ಲಿ ಬೆರಳು ಮುಟ್ಟುತ್ತಿದ್ದಾರೆ. ಆ ಫೋಟೋ ಪ್ರಪಂಚ ಸುತ್ತಿತು. ಅದೇ ದಿನ ಅವರು ಅಲ್ಲಿನವರ ಜೊತೆ ಫುಟ್‌ಬಾಲ್ ಆಡಿದ್ದರು, ಡ್ರಮ್ ಬಾರಿಸಿದ್ದರು, ಬೇಲಿ ಇಲ್ಲದೆ ಜನರ ನಡುವೆ ಓಡಾಡಿದ್ದರು. ಆ ಅರ್ಥದಲ್ಲಿ ಫೋಟೋ ಅನ್ಯಾಯ ಮಾಡಿತು ಅನ್ನಬಹುದು. ಆದರೆ ಅಲ್ಲಿನ ಜನರ ನೋವು ಆ ಬೇಲಿಯದಾಗಿರಲಿಲ್ಲ, ಅದು ನೂರಾರು ವರ್ಷದ ಗುಲಾಮಗಿರಿಯದು, ಅದಕ್ಕೆ ಯಾರೂ ಕೇಳದ ಕ್ಷಮೆಯದು, ಅದೇ ಸೀಮೆಯ ಇನ್ನೊಂದು ದ್ವೀಪ ಬಾರ್ಬಡೋಸ್ ಹಿಂದಿನ ನವೆಂಬರಿನಲ್ಲಷ್ಟೇ ರಾಣಿಯನ್ನು ಬಿಟ್ಟು ಗಣರಾಜ್ಯ ಆಗಿದ್ದು ಎಲ್ಲರ ಮನಸ್ಸಲ್ಲೂ ಹಸಿಯಾಗಿತ್ತು. ಮಾರನೇ ದಿನ ಜಮೈಕಾದ ಪ್ರಧಾನಿಯೇ ಅವರ ಪಕ್ಕ ನಿಂತು, ಕ್ಯಾಮೆರಾ ಮುಂದೆ, ನಮ್ಮ ದೇಶ ಮುಂದಕ್ಕೆ ಹೋಗುತ್ತಿದೆ, ಅಂದರೆ ನಾವೂ ರಾಣಿಯನ್ನು ಬಿಡುತ್ತೇವೆ ಅನ್ನುವ ಅರ್ಥದಲ್ಲಿ ಹೇಳಿಬಿಟ್ಟರು. ಇಂಥ ಕಡೆ "ಫೋಟೋ ಸುಳ್ಳು" ಅಂತ ಒಂದೇ ಮಾತಲ್ಲಿ ತಳ್ಳಿಹಾಕಬೇಡಿ. ಇವರು ಬೇಲಿಯ ಹತ್ತಿರ ಪ್ರೀತಿಯಿಂದಲೇ ಹೋದರು. ಹೋದ ಮೇಲೆ ಹೀಗೂ ಕಾಣಬಹುದು ಅಂತ ಯೋಚಿಸಬೇಕಾದದ್ದು ಅರಮನೆಯ ಕೆಲಸ. ಆ ಕೆಲಸಕ್ಕೇ ಅಲ್ಲಿ ಜನ ಇದ್ದಾರೆ.

ಚೆನ್ನಾಗಿ ಕಾಣುವುದು ಕೂಡ ಕೆಲಸದ ಭಾಗವೇ, ಬರೀ ಶೋಕಿ ಅಲ್ಲ. ಎರಡನೇ ಎಲಿಜಬೆತ್ ರಾಣಿ ಗಿಳಿಹಸಿರು, ನಿಂಬೆಹಳದಿ ಕೋಟು ಯಾಕೆ ಹಾಕುತ್ತಿದ್ದರು ಅಂದರೆ ಗುಂಪಿನ ಹಿಂದಿನ ಸಾಲಿನಲ್ಲಿ ನಿಂತವರಿಗೂ ಕಾಣಲಿ ಅಂತ. ಮಳೆ ಬಂದರೆ ಹಿಡಿಯುತ್ತಿದ್ದ ಛತ್ರಿ ನೋಡಿ. ಪಾರದರ್ಶಕ, ಗುಮ್ಮಟದ ಹಾಗೆ ಭುಜದ ತನಕ ಇಳಿಯುವಂಥದ್ದು, ಅಂಚಿಗೆ ಮಾತ್ರ ಕೋಟಿನ ಬಣ್ಣದ ಪಟ್ಟಿ. ಗಂಟೆಗಟ್ಟಲೆ ನೆನೆದು ನಿಂತ ಜನಕ್ಕೆ ಕರಿ ಬಟ್ಟೆಯ ಛತ್ರಿ ಕಂಡು ಹೋಗಬಾರದು, ಮುಖ ಕಾಣಬೇಕು.

ಕಷ್ಟದ ದಿನ ಬಂದರಾ?

ಜನ ರಾಜಮನೆತನದಿಂದ ಬಯಸುವುದರಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸುವುದು ಇದೇ. ಅವರಿಗೆ ಅಧಿಕಾರ ಇಲ್ಲ, ಪರಿಹಾರ ಘೋಷಿಸೋಕಾಗಲ್ಲ. ಬಂದು ಪಕ್ಕ ನಿಲ್ಲಬಹುದು, ಅಷ್ಟೇ. ಅದಕ್ಕೇ ಬಾರದಿದ್ದರೆ ಅಷ್ಟು ನೋವಾಗುವುದು.

1966ರ ಅಕ್ಟೋಬರ್ 21. ವೇಲ್ಸ್‌ನ ಅಬರ್‌ಫ್ಯಾನ್ ಹಳ್ಳಿಯಲ್ಲಿ ಕಲ್ಲಿದ್ದಲು ಗಣಿಯ ಕಸದ ಗುಡ್ಡ ಕುಸಿದು ಶಾಲೆಯ ಮೇಲೆ ಬಿತ್ತು. 144 ಜನ ಸತ್ತರು. ಅದರಲ್ಲಿ 116 ಮಕ್ಕಳು. ರಾಣಿಯ ಗಂಡ ಫಿಲಿಪ್ ಮಾರನೇ ದಿನವೇ ಹೋದರು. ರಾಣಿ ಹೋಗಿದ್ದು ಎಂಟು ದಿನ ಬಿಟ್ಟು. ತಾನು ಹೋದರೆ ಹುಡುಕುವ ಕೆಲಸಕ್ಕೆ ತೊಂದರೆ ಅನ್ನುವ ಯೋಚನೆ ಇತ್ತು ಅನ್ನುತ್ತಾರೆ. ಅಲ್ಲಿ ಒಂದು ಪುಟ್ಟ ಹುಡುಗಿ ಹೂಗೊಂಚಲು ಕೊಟ್ಟಳು. ಅಬರ್‌ಫ್ಯಾನ್‌ನ ಉಳಿದ ಮಕ್ಕಳಿಂದ ಅಂತ ಅದರ ಮೇಲೆ ಬರೆದಿತ್ತು. ಆ ಎಂಟು ದಿನದ ತಡ ರಾಣಿಯನ್ನು ಜೀವನವಿಡೀ ಕಾಡಿತು ಅಂತ ಹತ್ತಿರದವರು ಹೇಳಿದ್ದಾರೆ. ಆದರೆ ಆಮೇಲೆ ಅವರು ಆ ಹಳ್ಳಿಗೆ ಮತ್ತೆ ಮತ್ತೆ ಹೋದರು, 2012ರಲ್ಲೂ ಹೋದರು. ಅದನ್ನೂ ನೋಡಬೇಕು ಅಲ್ವಾ? ಮೊದಲ ದಿನ ಬಂದು ಫೋಟೋ ತೆಗೆಸಿಕೊಂಡು ಮತ್ತೆ ತಲೆ ಹಾಕದವರಿಗಿಂತ ತಡವಾಗಿ ಬಂದು ನಲವತ್ತಾರು ವರ್ಷ ಆದ ಮೇಲೂ ಬಂದವರು ನನಗೆ ದೊಡ್ಡವರು.

1997ರ ಆಗಸ್ಟ್ 31ರಂದು ಡಯಾನಾ ತೀರಿಕೊಂಡಾಗಲೂ ಇದೇ ಪ್ರಶ್ನೆ. ರಾಣಿ ಸ್ಕಾಟ್ಲೆಂಡಿನ ಬಾಲ್ಮೋರಲ್‌ನಲ್ಲೇ ಉಳಿದರು. ಲಂಡನ್ ಅರಮನೆಯ ಮೇಲೆ ಅರ್ಧಕ್ಕಿಳಿದ ಬಾವುಟ ಇಲ್ಲ ಅಂತ ಜನ ಕುದಿದರು. ಆಗಿನ ನಿಯಮದ ಪ್ರಕಾರ ಅಲ್ಲಿ ಹಾರುತ್ತಿದ್ದದ್ದು ರಾಜಧ್ವಜ, ರಾಣಿ ಇದ್ದರೆ ಮಾತ್ರ, ಮತ್ತು ಅದು ಯಾವತ್ತೂ ಅರ್ಧಕ್ಕಿಳಿಯುವುದಿಲ್ಲ. ನಿಯಮ ಸರಿ ಇತ್ತು. ಜನ ನಿಯಮ ಕೇಳುತ್ತಿರಲಿಲ್ಲ. ಅತ್ತ ಬಾಲ್ಮೋರಲ್‌ನಲ್ಲಿ ತಾಯಿ ಕಳಕೊಂಡ 15 ಮತ್ತು 12 ವರ್ಷದ ಇಬ್ಬರು ಮೊಮ್ಮಕ್ಕಳಿದ್ದರು. ನಾನು ಅಜ್ಜಿಯ ಕಡೆಯಿಂದ ನೋಡಿದರೂ ಅಳು ಬರುತ್ತದೆ, ಹೂ ಹಿಡಿದು ಗೇಟಿನ ಮುಂದೆ ನಿಂತ ಜನರ ಕಡೆಯಿಂದ ನೋಡಿದರೂ ಬರುತ್ತದೆ. ಕೊನೆಗೆ ಸೆಪ್ಟೆಂಬರ್ 5ಕ್ಕೆ ರಾಣಿ ಟಿವಿಯಲ್ಲಿ ನೇರವಾಗಿ ಮಾತಾಡಿದರು, ಅಜ್ಜಿಯಾಗಿಯೂ. ಮಾರನೇ ದಿನ ಅಂತ್ಯಕ್ರಿಯೆಗೆ ರಾಷ್ಟ್ರಧ್ವಜ ಅರ್ಧಕ್ಕೆ ಇಳಿದು ಹಾರಿತು.

ಬಂದ ಮೇಲೆ ಹೇಗೆ ನಿಂತರು ಅನ್ನುವುದನ್ನೂ ನೋಡಿ. ಜಪಾನಿನಲ್ಲಿ 1991ರಲ್ಲಿ ಉನ್ಜೆನ್ ಜ್ವಾಲಾಮುಖಿ ಸಿಡಿದಾಗ ಚಕ್ರವರ್ತಿ ಅಕಿಹಿಟೊ ನಿರಾಶ್ರಿತರ ಶಿಬಿರಕ್ಕೆ ಹೋಗಿ ನೆಲದ ಮೇಲೆ ಮಂಡಿಯೂರಿ, ಅವರ ಕಣ್ಣಿನ ಮಟ್ಟಕ್ಕೆ ಕೂತು ಮಾತಾಡಿದರು. ಒಂದು ಕಾಲಕ್ಕೆ ದೇವರು ಅಂತಿದ್ದ ಪೀಠ ಅದು. ಸ್ಪೇನಿನಲ್ಲಿ 2024ರ ಅಕ್ಟೋಬರ್ ಕೊನೆಗೆ ಪ್ರವಾಹದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ನವೆಂಬರ್ 3ಕ್ಕೆ ರಾಜ ಫೆಲಿಪೆ, ರಾಣಿ ಲೆಟಿಸಿಯಾ ಪೈಪೋರ್ಟಾ ಊರಿಗೆ ಹೋದಾಗ ಜನ ಕೆಸರು ಎಸೆದರು. ಕೊಲೆಗಡುಕರು ಅಂತ ಕೂಗಿದರು. ಪ್ರಧಾನಿಯನ್ನು ಕಾವಲಿನವರು ಕರೆದುಕೊಂಡು ಹೋದರು. ರಾಜ ಹೋಗಲಿಲ್ಲ. ಕೋಟಿನ ಮೇಲೆ ಕೆಸರು, ರಾಣಿಯ ಕೆನ್ನೆಯ ಮೇಲೆ ಕೆಸರು, ಛತ್ರಿ ಅಡ್ಡ ಹಿಡಿದ ಅಂಗರಕ್ಷಕರನ್ನು ಬದಿಗೆ ಸರಿಸಿ ಒಬ್ಬ ಹುಡುಗನ ಹೆಗಲ ಮೇಲೆ ಕೈ ಹಾಕಿ ಮಾತು ಕೇಳಿದರು. ಅವತ್ತು ಅವರು ಏನನ್ನೂ ಕೊಡಲಿಲ್ಲ. ಬೈಗುಳ ತಿಂದರು. ನನ್ನ ಮಟ್ಟಿಗೆ ರಾಜಮನೆತನ ಅಂತ ಇದ್ದರೆ ಇದಕ್ಕೆ ಇರಬೇಕು.

ತಪ್ಪನ್ನು ತೂಕ ಮಾಡುವುದು

ಎಲ್ಲ ತಪ್ಪಿಗೂ ಒಂದೇ ಗಂಟಲಲ್ಲಿ ಕೂಗಿದರೆ ದೊಡ್ಡ ತಪ್ಪು ಮಾಡಿದವರಿಗೆ ಅನುಕೂಲ. ಟೋಪಿ, ಉಗುರಿನ ಬಣ್ಣ, ಗಂಡನ ಕೈ ಹಿಡಿದರಾ ಇಲ್ವಾ, ಇವನ್ನು ಸುಮ್ನೆ ಬಿಟ್ಟುಬಿಡಿ. ಅಲ್ಲಿ ತಪ್ಪೇ ಇಲ್ಲ.

ಎಲ್ಲರಿಗೂ ಇರುವ ನಿಯಮ ತಮಗಿಲ್ಲ ಅಂತ ನಡೆದುಕೊಂಡರೆ ಅದು ತಪ್ಪು. ಕೋವಿಡ್ ಕಾಲ ನೋಡಿ. ನೆದರ್‌ಲೆಂಡ್ಸ್ ರಾಜ ವಿಲ್ಲೆಮ್ ಅಲೆಕ್ಸಾಂಡರ್ 2020ರ ಅಕ್ಟೋಬರಿನಲ್ಲಿ ಜನರಿಗೆ ಮನೆಯಲ್ಲಿರಿ ಅಂದ ಹೊತ್ತಲ್ಲಿ ಸಂಸಾರ ಸಮೇತ ಗ್ರೀಸಿಗೆ ರಜೆಗೆ ಹೋದರು. ಗದ್ದಲವಾಯಿತು, ಬೇಗ ವಾಪಸ್ ಬಂದರು, ಹೆಂಡತಿಯ ಪಕ್ಕ ಕೂತು ವಿಡಿಯೋದಲ್ಲಿ ಕ್ಷಮೆ ಕೇಳಿದರು. ಆರು ತಿಂಗಳ ನಂತರ, 2021ರ ಏಪ್ರಿಲ್ 17, ಬ್ರಿಟನ್ನಿನಲ್ಲಿ ಫಿಲಿಪ್ ಅಂತ್ಯಕ್ರಿಯೆ. ಮೂವತ್ತೇ ಜನ. 94ರ ರಾಣಿ ಕಪ್ಪು ಮಾಸ್ಕ್ ಹಾಕಿ ಉದ್ದದ ಬೆಂಚಿನಲ್ಲಿ ಒಬ್ಬರೇ ಕೂತಿದ್ದರು, ಅಕ್ಕಪಕ್ಕ ಯಾರೂ ಇಲ್ಲ. ಅದರ ಹಿಂದಿನ ರಾತ್ರಿ ಪ್ರಧಾನಿ ಕಚೇರಿಯಲ್ಲಿ ಸಿಬ್ಬಂದಿ ಪಾರ್ಟಿ ಮಾಡಿದ್ದು ಆಮೇಲೆ ಬಯಲಾದಾಗ, ಆ ಕಚೇರಿ ಅರಮನೆಗೆ ಕ್ಷಮೆ ಕೇಳಬೇಕಾಯಿತು.

ದುಡ್ಡು, ಅಧಿಕಾರ, ಸುಳ್ಳು ಸೇರಿದರೆ ಅದು ಬೇರೆಯೇ ಮಟ್ಟ. ಅಲ್ಲಿ ಬಿಡಬೇಡಿ. ಸ್ಪೇನಿನಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಕೆಲಸ ಇಲ್ಲದ 2012ರಲ್ಲಿ ಆಗಿನ ರಾಜ ಹುವಾನ್ ಕಾರ್ಲೋಸ್ ಬೋಟ್ಸ್‌ವಾನಾದಲ್ಲಿ ಆನೆ ಬೇಟೆಗೆ ಹೋಗಿ ಸೊಂಟ ಮುರಿದುಕೊಂಡರು. ಅದರಿಂದಲೇ ಬೇಟೆ ಗೊತ್ತಾಯಿತು. ಕ್ಷಮೆ ಕೇಳಿದರೂ ನಂಬಿಕೆ ತಿರುಗಿ ಬರಲಿಲ್ಲ, 2014ರಲ್ಲಿ ಪಟ್ಟ ಬಿಟ್ಟರು. ಬ್ರಿಟನ್ನಿನಲ್ಲಿ ಚಾರ್ಲ್ಸ್ ಅವರ ತಮ್ಮ ಆ್ಯಂಡ್ರೂ ಪ್ರಕರಣ ಎಲ್ಲರಿಗೂ ಗೊತ್ತು. ಲೈಂಗಿಕ ಅಪರಾಧಿ ಜೆಫ್ರಿ ಎಪ್ಸ್ಟೀನ್ ಜೊತೆಗಿನ ಗೆಳೆತನದ ಬಗ್ಗೆ 2019ರ ನವೆಂಬರಿನಲ್ಲಿ ಕೊಟ್ಟ ಟಿವಿ ಸಂದರ್ಶನದ ನಂತರ ಕೆಲಸದಿಂದ ಸರಿದರು, 2022ರಲ್ಲಿ ಸೈನಿಕ ಗೌರವಗಳು ಹೋದವು, 2025ರ ಅಕ್ಟೋಬರಿನಲ್ಲಿ ರಾಜಕುಮಾರ ಅನ್ನುವ ಹೆಸರನ್ನೂ ತೆಗೆಯುವುದಾಗಿ ಅರಮನೆ ಹೇಳಿತು. ಆರು ವರ್ಷ ಹಿಡಿಯಿತು. ಇಂಥದ್ದರಲ್ಲಿ "ಪಾಪ, ಅವರ ಖಾಸಗಿ ವಿಷಯ" ಅನ್ನುವ ಮಾತು ಸಲ್ಲದು.

ನಾನು ಪಕ್ಷಪಾತ ಮಾಡುತ್ತಿದ್ದೇನಾ ಅಂತ ಅನುಮಾನ ಬಂದರೆ ಒಂದು ಉಪಾಯ ಇದೆ. ನೀವು ಬರೆದ ವಾಕ್ಯದಲ್ಲಿ ಹೆಸರು ಬದಲಿಸಿ. ಮೇಗನ್ ಇದ್ದಲ್ಲಿ ಕೇಟ್, ಕೇಟ್ ಇದ್ದಲ್ಲಿ ಮೇಗನ್ ಹಾಕಿ ಜೋರಾಗಿ ಓದಿ. ಆಗಲೂ ಅದೇ ಸಿಟ್ಟು ಬಂದರೆ ಕಳಿಸಿ. ಬಾರದಿದ್ದರೆ ಸಿಟ್ಟು ಆ ಕೆಲಸದ ಮೇಲಲ್ಲ, ಆ ವ್ಯಕ್ತಿಯ ಮೇಲೆ.

ಎಲ್ಲಿ ನಿಲ್ಲಿಸಬೇಕು

ಮೈ, ಕಾಯಿಲೆ, ಬಸಿರು, ಮಕ್ಕಳು. ಈ ನಾಲ್ಕರ ಹತ್ತಿರ ಬಂದರೆ ನಿಂತುಬಿಡಿ. ರಾಜನ ಆರೋಗ್ಯದಲ್ಲಿ ಒಂದಿಷ್ಟು ತಿಳಿಯುವ ಹಕ್ಕು ದೇಶಕ್ಕಿದೆ, ಯಾಕಂದರೆ ಸಹಿ ಹಾಕುವವರು ಅವರು. 2024ರ ಫೆಬ್ರವರಿ 5ರಂದು ಚಾರ್ಲ್ಸ್ ಅವರಿಗೆ ಕ್ಯಾನ್ಸರ್ ಅಂತ ಅರಮನೆ ತಾನಾಗಿಯೇ ಹೇಳಿತು, ಯಾವ ಬಗೆಯದು ಅಂತ ಹೇಳಲಿಲ್ಲ. ಅಷ್ಟು ಸಾಕು. ಸೊಸೆಯ ವಿಷಯದಲ್ಲಿ ಅಷ್ಟೂ ಬೇಕಿರಲಿಲ್ಲ. ಈಸ್ಟರ್ ಹಬ್ಬದ ತನಕ ಕೆಲಸಕ್ಕೆ ಬರುವುದಿಲ್ಲ ಅಂತ ಜನವರಿಯಲ್ಲೇ ತಿಳಿಸಿದ್ದರು. ಹೇಳಿದ ತಾರೀಖು ಬರುವ ಮುಂಚೆಯೇ ನಾವು ಹುಡುಕಲು ಹೊರಟೆವು. ಮಕ್ಕಳಂತೂ ಯಾವ ಕೆಲಸಕ್ಕೂ ಸೇರಿಲ್ಲ. ಬಾಲ್ಕನಿಯಲ್ಲಿ ನಾಲಿಗೆ ಚಾಚಿದರೆ ಚಾಚಲಿ.

ಇನ್ನೊಂದು. ನೀವು ಹಂಚಿದ್ದು ತಪ್ಪು ಅಂತ ಆಮೇಲೆ ಗೊತ್ತಾದರೆ ಸದ್ದಿಲ್ಲದೆ ಅಳಿಸಬೇಡಿ. ಅಷ್ಟರಲ್ಲಿ ಅದು ಹತ್ತು ಕಡೆ ಹೋಗಿರುತ್ತದೆ. ಅದೇ ಗುಂಪಿನಲ್ಲಿ, ಅದೇ ಸಂದೇಶಕ್ಕೆ ಉತ್ತರವಾಗಿ, ಎಲ್ಲಿ ತಪ್ಪಿದೆ ಅಂತ ಬರೆಯಿರಿ. ನನ್ನ ಕೆಂಪು ಸುತ್ತಿನ ಫೋಟೋ ಗೆಳತಿಯರ ಗುಂಪಿನಲ್ಲಿ ಈಗಲೂ ಇದೆ. ಅದರ ಕೆಳಗೆ ಮಾರ್ಚ್ 22ರ ರಾತ್ರಿ ನಾನು ಬರೆದದ್ದೂ ಇದೆ: "ಫೋಟೋ ತಿದ್ದಿದ್ದು ತಪ್ಪು, ಅದನ್ನು ಈಗಲೂ ಹೇಳುತ್ತೇನೆ. ಏನು ಮುಚ್ಚಿಡ್ತಿದ್ದಾರೆ ಅಂತ ಕೇಳಿದ್ದು ನನ್ನ ತಪ್ಪು. ಅದನ್ನು ವಾಪಸ್ ತಗೊಂಡಿದ್ದೇನೆ."